ಕಚ್ಚದ ಚಪ್ಪಲಿ

ಜೀವನ್ ಬಿಮಾ ನಗರದ ವಿರೂಪಾಕ್ಷನಿಗೆ ಐವತ್ತೈದು ದಾಟಿದರೂ ಒಂದೇ ಒಂದು ಹವ್ಯಾಸ ದಕ್ಕಿರಲಿಲ್ಲ. ಪ್ರಯತ್ನಪಡಲಿಲ್ಲ ಎನ್ನುವ ಹಾಗಿಲ್ಲ. ಹಾರ್ಮೋನಿಯಂ ತಂದ, ಈಗ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡುತ್ತಾರೆ. ಕುಂಡದಲ್ಲಿ ಗಿಡ್ಡ ಆಲದ ಮರ ಬೆಳೆಸಲು ಹೊರಟ, ಅದು ಗಿಡ್ಡವಾಗುವ ಮೊದಲೇ ಒಣಗಿತು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುವ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಹಾಗಾಗಿ ಚರ್ಮದ ಕೆಲಸ ಕಲಿಯುತ್ತೇನೆ ಎಂದು ಅವನು ಹೇಳಿದಾಗ ಹೆಂಡತಿ ರಶ್ಮಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಆ ಸಾಮಾನು ಎಲ್ಲಿಡುತ್ತೀರಿ ಎಂದಷ್ಟೇ ಕೇಳಿದಳು.

ಈ ಹುಚ್ಚು ಹತ್ತಿದ್ದು ಅವನ ವಿಮಾ ಕಚೇರಿಯಲ್ಲಿ. ನಿವೃತ್ತಿಗೆ ಹತ್ತಿರವಿದ್ದವರನ್ನೆಲ್ಲ ಕೂರಿಸಿಕೊಂಡು ಯಾರೋ ಒಬ್ಬರು ಭಾಷಣ ಮಾಡಿದರು. ಕೈಗೆ ಕೆಲಸವಿಲ್ಲದವನು ಬೇಗ ಮುದುಕನಾಗುತ್ತಾನೆ ಎಂದರು. ಉಳಿದವರು ಬೋಂಡಾ ತಿಂದು ಎದ್ದು ಹೋದರು, ವಿರೂಪಾಕ್ಷ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಮುಂದಿನ ಭಾನುವಾರ ಇಂದಿರಾನಗರದಲ್ಲಿ ಮೆಟ್ರೋ ಇಳಿದು ಬರುವಾಗ ಒಂದು ಬೋರ್ಡು ಕಂಡಿತು. ಬಿಡುವಿನ ದಿನಗಳಲ್ಲಿ ಚರ್ಮದ ಪರ್ಸು, ಬೆಲ್ಟು ಮಾಡುವುದನ್ನು ಕಲಿಸುವ ಜಾಗ ಅದು.

ಕಲಿಸುವವಳು ಭವ್ಯ ಎಂಬ ಹುಡುಗಿ, ದೊಮ್ಮಲೂರಿನ ಹಳೆಯ ಒಕ್ಕಲು ಮನೆತನದವಳು. ಅವಳ ತಾತ ದೊಡ್ಡಮುನಿಯಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಟ್ಟಡ ಎದ್ದಿದೆ. ಕೆಳಗಿನ ಅಂತಸ್ತುಗಳೆಲ್ಲ ಬಾಡಿಗೆಗೆ, ತಾರಸಿಯ ಕೋಣೆ ಮೊಮ್ಮಗಳ ಶೋಕಿಗೆ. ಅಲ್ಲಿಗೆ ಬರುವವರೆಲ್ಲ ಸಾಫ್ಟ್‌ವೇರಿನ ಎಳೆಯರು. ಅವರ ನಡುವೆ ತಲೆ ನರೆತ ವಿರೂಪಾಕ್ಷ ಎಲ್ಲರಿಗೂ ಅಂಕಲ್ ಆದ. ಮೊದಲು ಮಾಡಿದ ಪರ್ಸು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಎರಡು ಅಂಚು ಸೇರಲಿಲ್ಲ, ಹೊಲಿಗೆ ಕುಡಿದವನಂತೆ ಓಲಾಡಿತು. ಆದರೆ ಈ ಸಲ ಅವನು ಬಿಡಲಿಲ್ಲ. ದಬ್ಬಣದಿಂದ ತೂತು ಹಾಕಿ, ಮೇಣ ಹಚ್ಚಿದ ದಾರವನ್ನು ಎರಡು ಕಡೆಯಿಂದ ಎಳೆದಾಗ ಚರ್ಮ ಗಟ್ಟಿಯಾಗಿ ಕೂಡಿಕೊಳ್ಳುವ ಆ ಗಳಿಗೆಯಲ್ಲಿ ಅವನಿಗೆ ಏನೋ ಸುಖ ಸಿಕ್ಕಿತ್ತು. ಕಚೇರಿಯಲ್ಲಿ ಜೀವಮಾನವೆಲ್ಲ ಸಹಿ ಹಾಕಿದ್ದರೂ ಅಲ್ಲಿ ಯಾವುದೂ ಹೀಗೆ ಕೂಡಿಕೊಂಡಿರಲಿಲ್ಲ.

ಭವ್ಯ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದಿತ್ತು. “ಗಂಟು ಯಾವಾಗ್ಲೂ ಒಳಗಡೆ ಹೋಗ್ಬೇಕು ಅಂಕಲ್, ಹೊರಗಡೆ ಕಾಣಿಸ್ಬಾರ್ದು.” ವಿರೂಪಾಕ್ಷ ಆ ಮಾತನ್ನು ಶ್ರದ್ಧೆಯಿಂದ ಕಲಿತ. ಬೇರೆ ಏನು ತಪ್ಪಿದರೂ ಅವನ ಪರ್ಸುಗಳ ಗಂಟು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮನೆಯಲ್ಲಿ ರಗಳೆ ಶುರುವಾದದ್ದು ಚರ್ಮದ ಸುರುಳಿ ಒಳಗೆ ಬಂದಾಗ. ದಿನಾ ಬೆಳಗ್ಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವ ಮನೆ ಅದು. ಚಪ್ಪಲಿಯನ್ನೇ ಹೊಸ್ತಿಲ ಹೊರಗೆ ಬಿಡುವಲ್ಲಿ ಎಮ್ಮೆಯ ಚರ್ಮವನ್ನು ಹಾಸಿಗೆಯ ಕೆಳಗೆ ಇಡುತ್ತೀರಾ ಎಂದು ರಶ್ಮಿ ಕೇಳಿದಳು. ಆಗ ನಡುವೆ ಬಾಯಿ ಹಾಕಿ ತಮ್ಮನ ಮಾನ ಉಳಿಸಿದವನು ಶರಣಪ್ಪ, ವಿರೂಪಾಕ್ಷನ ಅಣ್ಣ.

“ಶರಣರೊಳಗ ಮೆಟ್ಟ ಹೊಲಿಯೋರೂ ಇದ್ರವ್ವಾ. ನಾವು ಅವರ ಹೆಸರಷ್ಟ ಇಟ್ಕೊಂಡು ಕುಂತೀವಿ. ಮಾಡ್ಲಿ ಬಿಡು” ಎಂದ.

ಭಾವನವರ ಮಾತಿಗೆ ರಶ್ಮಿ ಎದುರಾಡುವವಳಲ್ಲ. ಬಟ್ಟೆ ಒಗೆಯುವ ಮಷಿನ್ನಿನ ಪಕ್ಕ, ಹಿಂದಿನ ಬಾಲ್ಕನಿಯಲ್ಲಿ, ಒಂದು ಮಣೆ ಹಾಕುವಷ್ಟು ಜಾಗ ಬಿಟ್ಟುಕೊಟ್ಟಳು.

ಈ ಶರಣಪ್ಪನನ್ನು ಬಿಟ್ಟು ವಿರೂಪಾಕ್ಷನ ಬದುಕಿನ ಕಥೆ ಹೇಳಲು ಬರುವುದಿಲ್ಲ. ಹುನಗುಂದದ ಕಡೆಯ ಹಳ್ಳಿಯಲ್ಲಿ ತಂದೆ ತೀರಿಕೊಂಡಾಗ ತಮ್ಮನನ್ನು ಬೆಂಗಳೂರಿಗೆ ಕರೆತಂದವನು ಅವನೇ. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ತಮ್ಮನನ್ನು ಓದಿಸಿದ, ಕೆಲಸಕ್ಕೆ ಸೇರಿಸಿದ, ತಾನೇ ಮುಂದೆ ನಿಂತು ಮದುವೆ ಮಾಡಿದ. ಅವನ ಹೆಂಡತಿ ಮಕ್ಕಳಾಗುವ ಮೊದಲೇ ತೀರಿಹೋದಳು, ಅವನು ಮತ್ತೊಂದು ಮದುವೆಯ ಮಾತೆತ್ತಲಿಲ್ಲ. ನಿವೃತ್ತನಾದ ಮೇಲೆ ತಮ್ಮನ ಮನೆಯಲ್ಲೇ ಉಳಿದ. ಉಳಿದ ಎನ್ನುವುದೂ ತಪ್ಪು, ಆ ಮನೆಯ ಹಿರಿತನ ಅವನದೇ ಆಗಿತ್ತು.

ಶರಣಪ್ಪನಿಗೆ ಇದ್ದ ಸುಖ ಒಂದೇ, ನಡಿಗೆ. ಸಂಜೆಯಾದರೆ ತಿಪ್ಪಸಂದ್ರದ ಮಾರುಕಟ್ಟೆ ಸುತ್ತಿ, ತರಕಾರಿಯವರ ಹತ್ತಿರ ಹರಟಿ, ಕಾರ್ಖಾನೆಯ ಹಳೆಯ ಗೆಳೆಯ ಪಿಳ್ಳಪ್ಪನ ಮನೆಯ ಜಗಲಿಯಲ್ಲಿ ಚಹಾ ಕುಡಿದು ಬರಬೇಕು. ಆ ನಡಿಗೆಗೆ ಕುತ್ತು ತಂದದ್ದು ಸಕ್ಕರೆ ಕಾಯಿಲೆ. ಎರಡೂ ಪಾದಗಳಲ್ಲಿ ಸ್ಪರ್ಶ ಸತ್ತಿತ್ತು. ಒಮ್ಮೆ ಡ್ರಾಯಿಂಗ್ ಪಿನ್ನು ಹಿಮ್ಮಡಿಗೆ ಚುಚ್ಚಿಕೊಂಡು ಮನೆಯೆಲ್ಲ ಓಡಾಡಿದ, ರಶ್ಮಿ ನೋಡಿ ಹೌಹಾರಿದಳು. ಕಣ್ಣೂ ಮಂಜಾಗಿದ್ದರಿಂದ ತನ್ನ ಕಾಲನ್ನು ತಾನು ನೋಡಿಕೊಳ್ಳಲೂ ಅವನಿಗೆ ಆಗುತ್ತಿರಲಿಲ್ಲ. ಡಾಕ್ಟರು ವಿರೂಪಾಕ್ಷನನ್ನು ಪಕ್ಕಕ್ಕೆ ಕರೆದು, ಈ ಕಾಲಿಗೆ ಒಂದು ಗಾಯವಾದರೆ ಕಾಲೇ ಹೋಗಬಹುದು, ದಿನಾ ಬೆರಳ ಸಂದಿ ಬಿಡಿಸಿ ನೋಡಬೇಕು ಎಂದಿದ್ದರು. ಅಂದಿನಿಂದ ಸಂಜೆ ಅಣ್ಣನ ಕಾಲು ತೊಳೆದು ನೋಡುವುದು ತಮ್ಮನ ಕೆಲಸವಾಯಿತು. ಅಣ್ಣನಿಗೆ ಅದು ನಾಚಿಕೆ. ಸಾಕು ಬಿಡೋ ಎನ್ನುತ್ತಲೇ ಕಾಲು ಚಾಚುತ್ತಿದ್ದ.

ಡಾಕ್ಟರು ಮೆತ್ತನೆಯ ರಬ್ಬರಿನ ಚಪ್ಪಲಿಯನ್ನೂ ಬರೆದುಕೊಟ್ಟಿದ್ದರು. ಕಪ್ಪು, ದಪ್ಪ, ಮೇಲೆ ಅಂಟಿಸುವ ಪಟ್ಟಿ. ಶರಣಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹರೆಯದಿಂದ ಅವನು ಮೆಟ್ಟಿದ್ದು ಅಥಣಿ ಕಡೆಯ ಚರ್ಮದ ಕಾಲ್ಮರಿ, ಹೆಬ್ಬೆರಳಿಗೆ ಉಂಗುರವಿರುವಂಥದ್ದು, ಹೆಜ್ಜೆ ಇಟ್ಟರೆ ಜೀರ್ ಜೀರ್ ಎನ್ನುವಂಥದ್ದು. ಆ ಸದ್ದು ಕೇಳಿಯೇ ಊರಲ್ಲಿ ಜನ ಇಂಥವನು ಬಂದ ಎಂದು ತಿಳಿಯುತ್ತಿದ್ದರು.

“ಸಪ್ಪಳಿಲ್ಲ ಏನಿಲ್ಲ. ದೆವ್ವ ನಡ್ದಂಗ ನಡೀತೀನಿ” ಎಂದು ಒಂದು ದಿನ ರಬ್ಬರಿನ ಚಪ್ಪಲಿ ಮೆಟ್ಟುತ್ತಾ ಹೇಳಿದ. ನಕ್ಕುಕೊಂಡೇ ಹೇಳಿದ. ಆದರೆ ವಿರೂಪಾಕ್ಷನ ಎದೆಗೆ ಅದು ನಾಟಿತು. ಅಣ್ಣ ಅವನ ಹತ್ತಿರ ಇದುವರೆಗೆ ಏನನ್ನೂ ಕೇಳಿದವನಲ್ಲ.

ಅಂದೇ ಅವನು ನಿಶ್ಚಯಿಸಿದ. ಅಣ್ಣನಿಗೆ ತಾನೇ ಕಾಲ್ಮರಿ ಮಾಡಬೇಕು, ಗಟ್ಟಿ ಚರ್ಮದ್ದಲ್ಲ, ಬೆಣ್ಣೆಯಂತೆ ಮೆತ್ತನೆಯದು, ಒಳಗೆ ಮೆತ್ತೆ ಇಟ್ಟದ್ದು. ಭವ್ಯಳನ್ನು ಕೇಳಿದರೆ ಅವಳು ನೇರವಾಗಿಯೇ ಹೇಳಿದಳು, ತನಗೆ ಗೊತ್ತಿರುವುದು ಪರ್ಸು ಮತ್ತು ಚೀಲ, ಕಾಲಿಗೆ ಹಾಕುವುದರ ವಿದ್ಯೆ ಬೇರೆ ಎಂದು. ಅದನ್ನು ಅವನು ಹುಡುಗಿಯ ವಿನಯ ಎಂದುಕೊಂಡ. ಫೋನಿನಲ್ಲಿ ನೋಡಿ ಕಲಿಯದ್ದು ಈ ಕಾಲದಲ್ಲಿ ಏನಿದೆ?

ಶಿವಾಜಿನಗರದ ಗಲ್ಲಿಯಲ್ಲಿ ಖುರ್ಷೀದ್ ಎಂಬವನದೊಂದು ಚರ್ಮದ ಅಂಗಡಿ. ತಮಿಳಿನವರಿಗೆ ತಮಿಳು, ಕನ್ನಡದವರಿಗೆ ಕನ್ನಡ, ಎಲ್ಲರಿಗೂ ಒಂದೇ ಹೊಗಳಿಕೆ. ವಿರೂಪಾಕ್ಷ ಯಾವ ತುಂಡಿನ ಮೇಲೆ ಕೈ ಇಟ್ಟರೂ ಸಾರ್ ಕೈ ಇಟ್ಟಿದ್ದೇ ಒಳ್ಳೇ ಮಾಲು ಎನ್ನುತ್ತಿದ್ದ. ಯಾರ ಕಾಲಿಗೆ ಎಂದು ಅವನು ಕೇಳಲಿಲ್ಲ, ವಿರೂಪಾಕ್ಷ ಹೇಳಲೂ ಇಲ್ಲ. ಅಟ್ಟೆಗೆ ಎಮ್ಮೆಯದು, ಮೇಲಕ್ಕೆ ಆಡಿನದು, ಎರಡನ್ನೂ ಹೊತ್ತುಕೊಂಡು ಮದುವೆಗೆ ಸೀರೆ ತಂದವನ ಹಾಗೆ ಮನೆಗೆ ಬಂದ.

ಶ್ರಾವಣವೆಲ್ಲ ಅದರಲ್ಲೇ ಕಳೆಯಿತು. ಕಚೇರಿಯಿಂದ ಬಂದವನೇ ಬಾಲ್ಕನಿ ಸೇರುತ್ತಿದ್ದ. ಕತ್ತರಿಸಿ ಕೆಡಿಸಿದ, ಮತ್ತೆ ಶಿವಾಜಿನಗರಕ್ಕೆ ಹೋದ, ಮತ್ತೆ ಕತ್ತರಿಸಿದ. ಬೆರಳಿಗೆ ದಬ್ಬಣ ಚುಚ್ಚಿ ಅಡುಗೆಮನೆಯ ಅರಿಶಿನಕ್ಕೆ ಓಡಿದ. ಅಣ್ಣ ಒಳಗಿನಿಂದ ಏನು ಮಾಡುತ್ತಿದ್ದೀ ಎಂದು ಕೂಗಿದರೆ ಹೇಳುತ್ತಿರಲಿಲ್ಲ. ಈ ಗಡಿಬಿಡಿಯಲ್ಲಿ ಕಾಲು ತೊಳೆದು ನೋಡುವ ಕೆಲಸ ಒಂದು ದಿನ ತಪ್ಪಿತು, ಆಮೇಲೆ ದಿನ ಬಿಟ್ಟು ದಿನ ಆಯಿತು, ಆಮೇಲೆ ನಿಂತೇಹೋಯಿತು. ಅಣ್ಣ ಕೇಳಲಿಲ್ಲ, ನಾಚಿಕೆಯ ಕೆಲಸ ತಪ್ಪಿದ್ದು ಅವನಿಗೂ ಹಾಯೆನಿಸಿರಬೇಕು. ಅಣ್ಣನ ಪಾದಕ್ಕಾಗಿಯೇ ದುಡಿಯುತ್ತಾ ಅಣ್ಣನ ಪಾದವನ್ನೇ ನೋಡುವುದನ್ನು ಬಿಟ್ಟ ಈ ಮನುಷ್ಯನಿಗೆ ಏನು ಹೇಳೋಣ!

ಗಣೇಶ ಚೌತಿಯ ಹೊತ್ತಿಗೆ ಜೋಡಿ ಸಿದ್ಧವಾಯಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಆಗಿತ್ತು. ಔಡಲೆಣ್ಣೆ ಕುಡಿದ ಚರ್ಮ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಬಗ್ಗಿಸಿದರೆ ಜೀರ್ ಎನ್ನುತ್ತಿತ್ತು. ಹೆಬ್ಬೆರಳಿನ ಉಂಗುರವನ್ನು ಹೊಲಿದು ಮುಗಿಸಿದ ದಾರದ ಗಂಟು ಮಾತ್ರ ಎಲ್ಲೂ ಕಾಣುತ್ತಿರಲಿಲ್ಲ, ಅದನ್ನು ಉಂಗುರದ ಒಳಬದಿಗೆ ಎಳೆದು ಬಿಗಿದಿದ್ದ. ಪರ್ಸಿನ ಒಳಗೆ ಇರುವುದು ಕಾಗದ, ಚಪ್ಪಲಿಯ ಒಳಗೆ ಇರುವುದು ಕಾಲು ಎಂಬ ಯೋಚನೆ ಅವನಿಗೆ ಬರಲಿಲ್ಲ.

ಆದರೂ ತಪ್ಪಿಸಿಕೊಳ್ಳಲು ಒಂದು ದಾರಿಯಿತ್ತು. ಅಣ್ಣ ತಮ್ಮಂದಿರದು ಒಂದೇ ಅಳತೆಯ ಕಾಲು, ಆ ಅಳತೆಯಲ್ಲೇ ಅವನು ಚರ್ಮ ಕತ್ತರಿಸಿದ್ದ. ಒಮ್ಮೆ ತಾನೇ ಮೆಟ್ಟಿ ಬಾಲ್ಕನಿಯಲ್ಲಿ ನಾಲ್ಕು ಹೆಜ್ಜೆ ನಡೆದಿದ್ದರೆ ಸಾಕಿತ್ತು. ರಶ್ಮಿಯೂ ಹಾಕಿ ನೋಡಿ ಎಂದಳು. ಅವನು ಬೆಚ್ಚಿಬಿದ್ದ. ತಂದೆಯ, ಅಣ್ಣನ ಮೆಟ್ಟಿನಲ್ಲಿ ಕಾಲಿಡುವುದು ಅವರ ಮನೆಯಲ್ಲಿ ಇಲ್ಲ. ಚಿಕ್ಕವನಿದ್ದಾಗ ಆಟಕ್ಕೆಂದು ಅಪ್ಪನ ಕಾಲ್ಮರಿ ಮೆಟ್ಟಿದ್ದಕ್ಕೆ ತಾಯಿ ಬೆನ್ನ ಮೇಲೆ ಬಾರಿಸಿದ್ದಳು. ಅಣ್ಣನಿಗೆಂದು ಮಾಡಿದ್ದನ್ನು ತಾನು ಎಂಜಲು ಮಾಡುವುದೇ? ಅವನು ಆ ಜೋಡಿಯನ್ನು ಬಟ್ಟೆಯಲ್ಲಿ ಒರೆಸಿ, ಅಣ್ಣನ ಪಾದದ ಹತ್ತಿರ ಜೋಡಿಸಿಟ್ಟು, ಕೈಮುಗಿದ. ಭಕ್ತಿ ಒಂದು ಕಡೆ ಹೆಚ್ಚಾದರೆ ಬುದ್ಧಿ ಇನ್ನೊಂದು ಕಡೆ ಕಡಿಮೆಯಾಗುತ್ತದೆ.

ಶರಣಪ್ಪ ಬಹಳ ಹೊತ್ತು ಅವನ್ನು ಕೈಯಲ್ಲಿ ಹಿಡಿದು ಸವರಿದ. ಆಮೇಲೆ ಮೆಟ್ಟಿ ಎದ್ದು ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದ. ಜೀರ್ ಜೀರ್ ಎಂಬ ಸದ್ದಿಗೆ ಅವನ ಮುಖ ಹುಡುಗನ ಮುಖವಾಯಿತು.

ಹೊಸ ಚಪ್ಪಲಿ ತಂದಾಗ ಎಲ್ಲರೂ ಕೇಳುವುದನ್ನೇ ವಿರೂಪಾಕ್ಷನೂ ಕೇಳಿದ. “ಕಚ್ಚತಾವೇನಣ್ಣಾ?”

“ಇಲ್ಲೋ ತಮ್ಮಾ. ಹೊಸಾವು ಇಷ್ಟು ಮೆತ್ತಗ ಇರೋದು ನಾ ನೋಡೇ ಇಲ್ಲ.”

ಆ ಉತ್ತರ ಕೇಳಿ ವಿರೂಪಾಕ್ಷನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಪಿನ್ನು ಚುಚ್ಚಿದರೆ ತಿಳಿಯದ ಕಾಲಿಗೆ ಚಪ್ಪಲಿ ಕಚ್ಚಿದರೆ ತಿಳಿಯುತ್ತದೆಯೇ? ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಹೊಗಳಿಕೆ ಕಿವಿಗೆ ಬಿದ್ದಾಗ ಗೊತ್ತಿದ್ದದ್ದು ಎಲ್ಲಿಗೋ ಹೋಗಿಬಿಡುತ್ತದೆ. ಕಚೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡ, ಮೊದಲ ದಿನದಿಂದಲೂ ಕಚ್ಚಲಿಲ್ಲ ಎಂದು. ಭವ್ಯಳ ಕೋಣೆಯಲ್ಲಿ ಫೋಟೋ ತೋರಿಸಿದ, ಎಳೆಯರು ಚಪ್ಪಾಳೆ ತಟ್ಟಿದರು.

ಶರಣಪ್ಪ ದಿನಾ ಮೆಟ್ಟಿದ. ಕಚ್ಚದ ಚಪ್ಪಲಿಯೇ ಇರುವಾಗ, ನಿಂತುಹೋಗಿದ್ದ ಕಾಲು ನೋಡುವ ಕೆಲಸ ಮತ್ತೆ ಶುರುವಾಗಲಿಲ್ಲ. ತಿಪ್ಪಸಂದ್ರ ಸಾಲದೆ ಒಂದು ಭಾನುವಾರ ಹಲಸೂರು ಕೆರೆಯವರೆಗೆ ಹೋಗಿಬಂದ. ಪಿಳ್ಳಪ್ಪನ ಜಗಲಿಯಲ್ಲಿ ಕಾಲು ಚಾಚಿ ಕೂತು, ನನ್ನ ತಮ್ಮ ಹೊಲಿದದ್ದು ಎಂದು ದಾರಿಯಲ್ಲಿ ಹೋಗುವವರಿಗೂ ಹೇಳಿದ.

ದಸರೆ ಬಂತು. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆರಗುವುದು ಅವರ ಸೀಮೆಯ ಪದ್ಧತಿ. ಬೆಂಗಳೂರಿಗೆ ಬಂದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಶರಣಪ್ಪ ಧೋತರ ಉಟ್ಟು ಕುರ್ಚಿಯಲ್ಲಿ ಕೂತಿದ್ದ. ವಿರೂಪಾಕ್ಷ ಅವನ ಕೈಗೆ ಬನ್ನಿ ಕೊಟ್ಟು, ಬಂಗಾರದಂಗ ಇರೋಣು ಎಂದು ಬಗ್ಗಿ ಎರಡೂ ಪಾದ ಮುಟ್ಟಿದ. ಬಲಗಾಲಿನ ಹೆಬ್ಬೆರಳ ಸಂದಿಯಲ್ಲಿ ಅವನ ಬೆರಳಿಗೆ ತೇವ ತಾಗಿತು. ವಾಸನೆಯೂ ಬಂತು. ಬಗ್ಗಿದವನು ಏಳಲಿಲ್ಲ. ಬೆರಳನ್ನು ಬಿಡಿಸಿ ನೋಡಿದ. ಅಲ್ಲಿ ಚರ್ಮ ಇರಲಿಲ್ಲ, ಸುತ್ತಲೂ ಕಪ್ಪಾಗಿತ್ತು, ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು.

ಆಶೀರ್ವಾದಕ್ಕೆಂದು ತಲೆಯ ಮೇಲಿಟ್ಟ ಅಣ್ಣನ ಕೈ ಇನ್ನೂ ಅಲ್ಲೇ ಇತ್ತು. ಯಾಕೋ ಏಳವಲ್ಲಿ ಎಂದು ಅವನು ನಗುತ್ತಾ ಕೇಳಿದ.

ಆಸ್ಪತ್ರೆಗೆ ಹೊರಡುವ ಮೊದಲು ವಿರೂಪಾಕ್ಷ ಹೊಸ್ತಿಲ ಹೊರಗೆ ಬಿಟ್ಟಿದ್ದ ಬಲಗಾಲಿನ ಚಪ್ಪಲಿ ಎತ್ತಿ ಉಂಗುರದೊಳಗೆ ಬೆರಳು ತೂರಿಸಿದ. ಇಟ್ಟ ಕೂಡಲೇ ಚುಚ್ಚಿತು. ಮೇಣ ಒಣಗಿ ಗಂಟು ಕಲ್ಲಾಗಿತ್ತು. ಅಷ್ಟು ದಿನ ಹೊಲಿದರೂ ಆ ಉಂಗುರದೊಳಗೆ ಅವನು ಬೆರಳು ಹಾಕಿದ್ದು ಅಂದೇ ಮೊದಲು. ಅಲ್ಲೇ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಆ ಗಂಟನ್ನೇ ಮುಟ್ಟಿ ನೋಡಿದ. ರಶ್ಮಿ ಬಂದು ನೋಡಿದಳು, ಅವಳಿಗೂ ತಿಳಿಯಿತು. ಆ ಚಪ್ಪಲಿಯನ್ನು ಅವನ ಕೈಯಿಂದ ಬಿಡಿಸಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯವನ್ನು ನೋಡಿ ತಲೆ ಎತ್ತಿದರು. “ಏನ್ ಹಾಕ್ಕೊಂಡು ಓಡಾಡ್ತಿದ್ರಿ? ನಾವು ಬರ್ಕೊಟ್ಟಿದ್ದ ಚಪ್ಪಲಿನೇ ತಾನೆ?”

ವಿರೂಪಾಕ್ಷ ಬಾಯಿ ತೆರೆದ. ಹೇಳಿಬಿಡಬೇಕೆಂದೇ ತೆರೆದ. ಅಷ್ಟರಲ್ಲಿ ಮಂಚದ ಮೇಲಿನಿಂದ ಅಣ್ಣನ ದನಿ ಬಂತು.

“ಅವನ್ನ ಹಾಕ್ಕೋತಿದ್ದೆ ನೋಡ್ರಿ. ಒಂದಿನ ಗುಡಿಗೆ ಬರಿಗಾಲಲೆ ಹೋಗಿದ್ದೆ. ಏನರ ಚುಚ್ಚಿರಬೇಕು.”

ಹಾಗಾದರೆ ಅಣ್ಣನಿಗೂ ತಿಳಿದಿತ್ತು. ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಸೂಜಿಯ ಮೊನೆಯಷ್ಟು ವ್ಯತ್ಯಾಸವನ್ನೂ ಹಿಡಿಯುವ ಕೆಲಸ ಮಾಡಿದವನಿಗೆ ಗಾಯ ಎಲ್ಲಿದೆ ಎಂದ ಮೇಲೆ ಯಾಕೆ ಆಯಿತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ವಯಸ್ಸಾದವರು ಹೇಳಿದ ಮಾತು ಕೇಳುವುದಿಲ್ಲ ಎಂದು ಡಾಕ್ಟರು ಬೈದರು. ಶರಣಪ್ಪ ತಪ್ಪು ಮಾಡಿದವನಂತೆ ತಲೆ ಬಗ್ಗಿಸಿ ಬೈಸಿಕೊಂಡ. ವಿರೂಪಾಕ್ಷ ಬಾಯಿ ಮುಚ್ಚಿದ. ಅಣ್ಣನನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆ ಎಂದು ಆಮೇಲೆ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದು ಸಮಾಧಾನವಲ್ಲ, ಹೇಡಿತನ. ಅದೂ ಅವನಿಗೆ ಗೊತ್ತಿತ್ತು.

ಮೊದಲು ಹೆಬ್ಬೆರಳು ತೆಗೆದರು. ಸೋಂಕು ಮೂಳೆ ಹಿಡಿದಿತ್ತು, ನಿಲ್ಲಲಿಲ್ಲ. ಪಾದದ ಅರ್ಧ ತೆಗೆದರು, ಅಲ್ಲೂ ನಿಲ್ಲಲಿಲ್ಲ. ದೀಪಾವಳಿಯ ಪಟಾಕಿ ಆಸ್ಪತ್ರೆಯ ಕಿಟಕಿಯ ಹೊರಗೆ ಹೊಡೆಯುತ್ತಿದ್ದಾಗ ಮೊಣಕಾಲಿನ ಕೆಳಗಿನದೆಲ್ಲ ಹೋಯಿತು. ಪ್ರತಿ ಸಲ ಕಾಗದಕ್ಕೆ ಸಹಿ ಹಾಕಿದವನು ವಿರೂಪಾಕ್ಷ, ಸಂಬಂಧ ಎಂಬಲ್ಲಿ ತಮ್ಮ ಎಂದು ಬರೆದು.

ಮನೆಗೆ ಬಂದ ಶರಣಪ್ಪ ಕಿಟಕಿಯ ಪಕ್ಕದ ಮಂಚ ಹಿಡಿದ. ಪಿಳ್ಳಪ್ಪ ಒಮ್ಮೆ ನೋಡಲು ಬಂದ, ಚಹಾ ಕುಡಿದು ಹೋದವನು ಮತ್ತೆ ಬರಲಿಲ್ಲ. ಕೃತಕ ಕಾಲಿನ ಮಾತನ್ನು ಯಾರೋ ಎತ್ತಿದರು. ಉಳಿದ ಕಾಲಿನಲ್ಲೂ ರಕ್ತ ಸರಿಯಾಗಿ ಓಡುತ್ತಿಲ್ಲ, ಅದನ್ನು ಉಳಿಸಿಕೊಂಡರೆ ದೊಡ್ಡದು ಎಂದು ಡಾಕ್ಟರು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಇನ್ನು ಆ ಕಾಲನ್ನು ದಿನಾ ನೋಡಬೇಕು, ಒಂದು ದಿನವೂ ತಪ್ಪಬಾರದು ಎಂದರು.

ವಿರೂಪಾಕ್ಷ ಬಾಲ್ಕನಿಯ ಮಣೆ ಎತ್ತಿಟ್ಟ. ಉಳಿದ ಚರ್ಮವನ್ನೆಲ್ಲ ಭವ್ಯಳ ಕೋಣೆಗೆ ಒಯ್ದು ಕೊಟ್ಟ. ಹೊಸದಾಗಿ ಸೇರಿದವರಿಗೆ ಆಗುತ್ತದೆ ಎಂದು ಅವಳು ಖುಷಿಯಿಂದ ಇಟ್ಟುಕೊಂಡಳು. ಚಪ್ಪಲಿ ಹೇಗಿದೆ ಅಂಕಲ್ ಎಂದು ಕೇಳಿದಳು. ಚೆನ್ನಾಗಿದೆ ಎಂದು ಹೇಳಿ ಮೆಟ್ಟಿಲಿಳಿದು ಬಂದ.

ಮಾರನೆಯ ಸಂಜೆ ಅವನು ಕಚೇರಿಯಿಂದ ಬೇಗ ಬಂದ. ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದ, ಮೊಣಕೈಯಿಂದ ಮುಟ್ಟಿ ಬಿಸಿ ನೋಡಿದ, ಹೆಗಲಿಗೆ ಟವೆಲ್ಲು ಹಾಕಿಕೊಂಡು ಮಂಚದ ಪಕ್ಕ ನೆಲದ ಮೇಲೆ ಕೂತ. ಎಡಗಾಲಿನ ಕಡೆ ಕೈ ಚಾಚಿದ.

ಶರಣಪ್ಪ ಆ ಕಾಲನ್ನು ಮೆಲ್ಲಗೆ ಹೊದಿಕೆಯ ಒಳಗೆ ಎಳೆದುಕೊಂಡ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದದ್ದು ಭಯ. ತಮ್ಮನನ್ನು ನೋಡಿ ಅಣ್ಣ ಹೆದರಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

“ನೀ ಬ್ಯಾಡ ತಮ್ಮಾ” ಎಂದ. “ರಶ್ಮಿ ನೋಡ್ತಾಳ.”

ವಿರೂಪಾಕ್ಷ ಎದ್ದು ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಂಡು ಬಂದು ಅವನು ಕೂತಿದ್ದ ಜಾಗದಲ್ಲಿ ಕೂತಳು. ಅಣ್ಣ ಕಾಲು ಚಾಚಿದ.